ಆರು ತುಂಬದ ಮಗು ಯಾರ ಲೆಕ್ಕದಲ್ಲಿ?

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ, ಸದಸ್ಯರಿಗೆ, ಅದರಲ್ಲೂ ಸಭೆಯಲ್ಲಿ ಬಾಗಿಲ ಹತ್ತಿರ ಕೂತು, ಸಹಿ ಹಾಕಿ, ಏನೂ ಮಾತಾಡದೆ ಎದ್ದು ಹೋಗುವ ತಾಯಂದಿರಿಗೆ,



ಈ ಪತ್ರವನ್ನು ಶಾಸಕರಿಗೇ ಬರೆಯಬಹುದಿತ್ತು. ಬರೆದಿದ್ದರೆ ಅವರ ಆಪ್ತ ಸಹಾಯಕರು ಮೂಲೆಯಲ್ಲಿ ‘ಸೂಕ್ತ ಕ್ರಮಕ್ಕಾಗಿ’ ಎಂದು ಗೀಚಿ ಕಳಿಸುತ್ತಿದ್ದರು. ಅದು ಡಿಡಿಪಿಐ ಕಚೇರಿ, ಬಿಇಒ ಕಚೇರಿ ಎಲ್ಲ ಸುತ್ತಿ ಕಡೆಗೆ ನಿಮ್ಮ ಶಾಲೆಯ ಮುಖ್ಯಗುರುಗಳ ಟೇಬಲ್ಲಿಗೇ ಬಂದು ಬೀಳುತ್ತಿತ್ತು. ನೌಕರಿಯಲ್ಲಿದ್ದಾಗ ಅಂಥ ಕಾಗದಗಳನ್ನು ನಾನೂ ಬೇಕಾದಷ್ಟು ಫೈಲಿಗೆ ಹಾಕಿದವಳೇ. ಅದಕ್ಕೇ ಈ ಸಲ ನೇರ ನಿಮಗೆ. ಇನ್ನೊಂದು ಕಾರಣವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ ನಿಮ್ಮ ಕೈಗೆ ಕೊಟ್ಟಿರುವ ಒಂದು ಅಧಿಕಾರವನ್ನು ನಮ್ಮ ಕಡೆ ಯಾರೂ ಸರಿಯಾಗಿ ಬಳಸಿದ್ದನ್ನು ನಾನು ಕಂಡಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಂದಿನ ಸಭೆಗೆ ಹೋದಾಗ ಐದು, ಆರು, ಏಳನೇ ತರಗತಿಯ ಹಾಜರಿ ಪುಸ್ತಕ ಕೇಳಿ. ಆಗಸ್ಟ್, ಸೆಪ್ಟೆಂಬರ್ ಪುಟ ತೆಗೆಸಿ. ಸಿರುಗುಪ್ಪ ತಾಲ್ಲೂಕಿನ ನದಿ ದಂಡೆಯ ಒಂದು ಊರಲ್ಲಿ ನಾನು ನೋಡಿದ ಪುಟ ಹೀಗಿತ್ತು: ಗಂಡುಮಕ್ಕಳ ಹೆಸರಿನ ಮುಂದೆ ಹಾಜರಿ ಗೀಟು ಹೆಚ್ಚುಕಡಿಮೆ ಒಂದೇ ಸಮ ಓಡಿದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಅಲ್ಲಲ್ಲಿ ಕೆಂಪು ಶಾಯಿ. ಒಬ್ಬ ಹುಡುಗಿಗಂತೂ ಸೋಮವಾರದಿಂದ ಶನಿವಾರದ ತನಕ ಪೂರಾ ಕೆಂಪು, ಮುಂದಿನ ವಾರ ಎರಡು ದಿನ ಹಾಜರು, ಮತ್ತೆ ಕೆಂಪು. ಕ್ಲಾಸ್ ಟೀಚರ್ ಆ ಸಾಲಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣದಾಗಿ ‘ತಮ್ಮ’ ಎಂದು ಬರೆದಿದ್ದರು. ಹುಡುಗಿಗೆ ಜ್ವರ ಇಲ್ಲ, ಊರು ಬಿಟ್ಟಿಲ್ಲ, ಓದಿನಲ್ಲಿ ಹಿಂದೆ ಬಿದ್ದವಳೂ ಅಲ್ಲ. ಮನೆಯಲ್ಲಿ ಒಂದೂವರೆ ವರ್ಷದ ತಮ್ಮ ಇದ್ದಾನೆ, ನಾಟಿ ಶುರುವಾಗಿದೆ, ಅಷ್ಟೇ.

ತುಂಗಭದ್ರೆಯ ಎಲ್‌ಎಲ್‌ಸಿ ಕಾಲುವೆಗೆ ನೀರು ಬಂತು ಅಂದರೆ ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳು ಹೇಗೆ ಖಾಲಿಯಾಗುತ್ತವೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬೆಳಕು ಹರಿಯುವ ಹೊತ್ತಿಗೆ ಟಂಟಂ ಬಂದು ನಿಂತಿರುತ್ತದೆ. ನಾಟಿ ಹಚ್ಚುವ ಗುಂಪು ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿರುತ್ತದೆ. ಒಬ್ಬಾಕೆ ತಪ್ಪಿಸಿದರೆ ಉಳಿದವರಿಗೂ ಕಷ್ಟ, ಮುಂದಿನ ಸಲ ಆಕೆಯನ್ನು ಕರೆಯುವುದೂ ಇಲ್ಲ. ಅಂಗನವಾಡಿ ತೆರೆಯುವ ಹೊತ್ತಿಗೆ ಅವಳು ಗದ್ದೆಯಲ್ಲಿ ಮೊಣಕಾಲುದ್ದ ನೀರಿನಲ್ಲಿರುತ್ತಾಳೆ. ತೆರೆದಿದ್ದರೂ ಒಂದೂವರೆ ವರ್ಷದ ಕೂಸಿಗೆ ಅಲ್ಲಿ ಜಾಗವಿಲ್ಲ. ಮೂರು ವರ್ಷದ ಒಳಗಿನ ಮಕ್ಕಳಿಗೆ ಅಂಗನವಾಡಿ ಕೊಡುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಕೂಡಿಸಿಕೊಂಡು ನೋಡಿಕೊಳ್ಳುವುದು ಮೂರರ ಮೇಲಿನವರನ್ನು. ಅತ್ತೆಗೆ ಕಣ್ಣು ಮಂಜಾದರೆ, ಇಲ್ಲಾ ಅತ್ತೆಯೂ ಕೂಲಿಗೆ ಹೋಗುವವಳಾದರೆ, ಉಳಿಯುವುದು ಐದನೇ ತರಗತಿಯ ಮಗಳು. ನಾಟಿ ಮುಗಿದರೆ ಕಳೆ, ಹೊಸ ವರ್ಷ ದಾಟಿದರೆ ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವುದು. ಮಾರ್ಚ್‌ನಲ್ಲಿ ಪರೀಕ್ಷೆ.

ಶಾಲೆಯ ಸವಲತ್ತು ಅಂದಾಗ ನಮ್ಮ ಸಭೆಗಳಲ್ಲಿ ಏನು ಚರ್ಚೆಯಾಗುತ್ತದೆ? ಕಾಂಪೌಂಡು, ಕೊಠಡಿ, ಶೌಚಾಲಯ, ಶೂ-ಸಾಕ್ಸ್ ಖರೀದಿ. ಶೂ ಖರೀದಿ ಇದ್ದ ತಿಂಗಳು ಸಭೆಯ ಹಾಜರಾತಿಯೂ ಚೆನ್ನಾಗಿರುತ್ತದೆ, ಯಾಕೆ ಅಂತ ನಾನು ಬಿಡಿಸಿ ಹೇಳುವುದಿಲ್ಲ. ಕೂಸು ನೋಡಿಕೊಳ್ಳುವವರು ಯಾರು ಎಂಬುದು ಆ ಪಟ್ಟಿಯಲ್ಲಿ ಯಾವತ್ತೂ ಬಂದಿಲ್ಲ, ಅದು ಮನೆ ವಿಷಯ ಅಂತ ಬಿಟ್ಟಿದ್ದೇವೆ. ನನ್ನ ವಾದ ಇಷ್ಟೇ: ಅದು ಮನೆ ವಿಷಯ ಅಲ್ಲ, ಶಾಲೆಯ ವಿಷಯ. ಕೊಠಡಿ ಕಟ್ಟಿಸಿದ್ದೀರಿ, ಅದರೊಳಗೆ ಕೂರಬೇಕಾದ ಹುಡುಗಿ ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದಾಳೆ.

ಇದು ಹೀಗಾದದ್ದು ನಮ್ಮ ಊರಿನವರ ತಪ್ಪಿನಿಂದ ಅಲ್ಲ, ಕಾಯ್ದೆ ಬರೆದ ರೀತಿಯಿಂದ. ಸ್ವಲ್ಪ ಹಿಂದೆ ಹೋಗೋಣ. 1950ರ ಸಂವಿಧಾನದ 45ನೇ ವಿಧಿ ಹದಿನಾಲ್ಕು ವರ್ಷ ತುಂಬುವ ತನಕ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಎಂದಿತ್ತು. ಎಷ್ಟನೇ ವರ್ಷದಿಂದ ಅಂತ ಗೆರೆ ಎಳೆದಿರಲಿಲ್ಲ. 1992ರಲ್ಲಿ ನಮ್ಮ ರಾಜ್ಯದ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಹೂಡಿದ್ದ ಮೋಹಿನಿ ಜೈನ್ ಪ್ರಕರಣದಲ್ಲಿ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣವನ್ನು ಮೂಲಭೂತ ಹಕ್ಕು ಎಂದಿತು; 1993ರ ಆ ತೀರ್ಪಿನ ಪ್ರಕಾರ ಹದಿನಾಲ್ಕು ತುಂಬುವವರೆಗೆ ಅದು ಮಗುವಿನ ಹಕ್ಕು. ಅದನ್ನು ಸಂವಿಧಾನದಲ್ಲಿ ಸೇರಿಸುತ್ತೇವೆಂದು 2002ರಲ್ಲಿ 86ನೇ ತಿದ್ದುಪಡಿ ಬಂತು. ಬಂದಾಗ ಆರರಿಂದ ಹದಿನಾಲ್ಕಕ್ಕೆ ಹಕ್ಕು ಸಿಕ್ಕಿತು, ಆರರ ಕೆಳಗಿನವರು 45ನೇ ವಿಧಿಯಲ್ಲಿ ಉಳಿದರು. ಅಲ್ಲಿ ಸರ್ಕಾರ ‘ಪ್ರಯತ್ನಿಸಬೇಕು’ ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಂ ಕೂಡ ಮೂರರಿಂದ ಆರು ವರ್ಷದವರಿಗೆ ಸರ್ಕಾರ ಶಾಲಾಪೂರ್ವ ವ್ಯವಸ್ಥೆ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಮೂರರ ಕೆಳಗಿನ ಕೂಸಿನ ಆರೈಕೆಯ ಹೊಣೆ ಯಾರದೆಂದು ಅಲ್ಲಿ ಒಂದು ಸಾಲೂ ಇಲ್ಲ.

ಹಾಗಂತ ಆರರ ಕೆಳಗಿನ ಮಗುವಿಗೆ ಏನೂ ಹಕ್ಕಿಲ್ಲ ಅಂದುಕೊಳ್ಳಬೇಡಿ. 2013ರ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮಿನಂತೆ ಆರು ತಿಂಗಳಿಂದ ಆರು ವರ್ಷದ ತನಕ ವಯಸ್ಸಿಗೆ ತಕ್ಕ ಆಹಾರವನ್ನು ಅಂಗನವಾಡಿ ಮೂಲಕ ಉಚಿತವಾಗಿ ಕೊಡಲೇಬೇಕು. ಊಟಕ್ಕೆ ಹಕ್ಕಿದೆ. ಉಂಡ ಮೇಲೆ ಅಮ್ಮ ಬರುವ ತನಕ ಮಲಗಲು ಒಂದು ಸುರಕ್ಷಿತ ಜಾಗಕ್ಕೆ ಹಕ್ಕಿಲ್ಲ.

ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಐವತ್ತು ವರ್ಷ ದಾಟಿದರೂ ಅದು ಇನ್ನೂ ಯೋಜನೆಯೇ. ಅದರ ಕಾರ್ಯಕರ್ತೆಗೆ ಸಂಬಳ ಅಲ್ಲ, ಗೌರವಧನ. 2025ರ ಮಾರ್ಚ್ ಬಜೆಟ್ಟಿನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚು ಮಾಡಿದ್ದೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂತ ಮೇಲೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇವರಿಗೆ ಗ್ರಾಚ್ಯುಟಿ ಕೊಡಬೇಕು ಎನ್ನುವಾಗ, ಆಹಾರ ಭದ್ರತಾ ಕಾಯ್ದೆ ಮತ್ತು ಶಿಕ್ಷಣ ಹಕ್ಕು ಕಾಯ್ದೆಯ ಕೆಲಸವನ್ನು ಇವರೇ ಮಾಡುತ್ತಿದ್ದಾರೆ ಎಂದು ಬರೆಯಿತು. 2006ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿದೆ, ಇದನ್ನು ನಿಮ್ಮ ವಹಿಯಲ್ಲಿ ಬರೆದಿಟ್ಟುಕೊಳ್ಳಿ: ಆರು ವರ್ಷದ ಒಳಗಿನ 40 ಮಕ್ಕಳಿರುವ ವಸತಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು. ಊರಿಂದ ದೂರ ಇರುವ ಕ್ಯಾಂಪುಗಳವರು, ಬಳ್ಳಾರಿಯ ಗುಡಿಸಲು ಕೇರಿಗಳವರು ಇದನ್ನು ಕೇಳಿದ್ದಾರಾ?

ಈ ನಡುವೆ ಇನ್ನೊಂದು ಜಗಳ ಹುಟ್ಟಿದೆ. 2024ರ ಜೂನ್‌ನಲ್ಲಿ ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡಲು ಶಿಕ್ಷಣ ಇಲಾಖೆ ಹೊರಟಿತು, ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು. ಅಂಗನವಾಡಿಯ ಅಕ್ಕಂದಿರು ಬೀದಿಗಿಳಿದರು: ನಾಲ್ಕು ವರ್ಷದ ಮಕ್ಕಳನ್ನು ಶಾಲೆಯವರು ಕರೆದುಕೊಂಡು ಹೋದರೆ ನಮ್ಮ ಕೇಂದ್ರದಲ್ಲಿ ಯಾರಿರುತ್ತಾರೆ? ಆಮೇಲೆ ಮಹಿಳಾ ಮತ್ತು ಮಕ್ಕಳ ಇಲಾಖೆ ಅಂಗನವಾಡಿಯಲ್ಲೇ ಎಲ್‌ಕೆಜಿ ನಡೆಸಲು ಹೊರಟಿತು. ಎರಡು ಇಲಾಖೆ ಒಂದೇ ಮಗುವಿನ ಕೈ ಹಿಡಿದು ಎಳೆಯುತ್ತಿವೆ, ಮೂರರ ಕೆಳಗಿನ ಮಗುವಿನ ಕೈ ಹಿಡಿಯಲು ಯಾರೂ ಇಲ್ಲ. ಎಲ್‌ಕೆಜಿ ಬೇಡ ಎನ್ನುತ್ತಿಲ್ಲ. ಕಾನ್ವೆಂಟಿನ ಹಳದಿ ಬಸ್ಸು ಹಳ್ಳಿಯೊಳಗೆ ಬಂದು ಮಕ್ಕಳನ್ನು ಹೊತ್ತೊಯ್ಯುವಾಗ ಸರ್ಕಾರಿ ಶಾಲೆ ಕೈಕಟ್ಟಿ ಕೂರಲಾಗುವುದಿಲ್ಲ. ಆದರೆ ಪುಸ್ತಕ, ಸಮವಸ್ತ್ರದ ಎಲ್‌ಕೆಜಿಯಿಂದ ಆ ಐದನೇ ತರಗತಿ ಹುಡುಗಿ ಶಾಲೆಗೆ ಬರುವುದಿಲ್ಲ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಎರಡು ವರ್ಷದ ಪೂರ್ವ ಪ್ರಾಥಮಿಕ, ಎಂಟು ವರ್ಷದ ಪ್ರಾಥಮಿಕ, ನಾಲ್ಕು ವರ್ಷದ ಪ್ರೌಢ ಎಂಬ 2+8+4 ರಚನೆ ಇದೆ. ಅದು ನಾಳೆಯೇ ಕಾಯ್ದೆಯಾದರೂ ನಾಲ್ಕರ ಕೆಳಗಿನವರು ಹೊರಗೇ.

ಆ ಕೆಳಗಿನವರಿಗಾಗಿ ರಾಜ್ಯ ಮಾಡಿದ ಒಂದೇ ಒಳ್ಳೆಯ ಕೆಲಸ ‘ಕೂಸಿನ ಮನೆ’. 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುತ್ತೇವೆಂದು ಶುರು ಮಾಡಿದ್ದು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ತರಬೇತಿ ಪಡೆದ ಊರಿನ ಹೆಂಗಸರೇ ಸರದಿಯ ಮೇಲೆ ನೋಡಿಕೊಳ್ಳುತ್ತಾರೆ, ಅವರ ಕೂಲಿ ಅವರವರ ಜಾಬ್ ಕಾರ್ಡಿನ ಮೇಲೆ. ಹೆಸರೂ ಚೆನ್ನಾಗಿದೆ, ವಿಚಾರವೂ ಚೆನ್ನಾಗಿದೆ. ಇದರ ಬೇರು ನರೇಗಾ ಕಾಯ್ದೆಯಲ್ಲೇ ಇತ್ತು. ಕೆಲಸದ ಜಾಗಕ್ಕೆ ಆರರ ಕೆಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣಾಳನ್ನು ಬಿಡಬೇಕು, ಅವಳಿಗೂ ಪೂರ್ತಿ ಕೂಲಿ ಕೊಡಬೇಕು ಎಂದು ಅದರ ಪರಿಶಿಷ್ಟದಲ್ಲಿ ಬರೆದಿತ್ತು. ಎಷ್ಟು ಕೆರೆ ಹೂಳೆತ್ತಿದ್ದೇವೆ, ಎಲ್ಲಾದರೂ ಹಾಗೆ ಬಿಟ್ಟದ್ದನ್ನು ಕಂಡಿದ್ದೀರಾ?

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಕಾಯ್ದೆ ಮಾಡಿದೆ. 125 ದಿನದ ಕೆಲಸ ಎನ್ನುತ್ತಾರೆ, ಖರ್ಚಿನಲ್ಲಿ ನಮ್ಮಂಥ ರಾಜ್ಯಗಳ ಪಾಲು ಶೇ 40. ಅದರ ರಾಜಕೀಯ ಇಲ್ಲಿ ಬೇಡ. ಒಂದು ವಿಷಯ ಮಾತ್ರ ನೋಡಿ: ಬಿತ್ತನೆ, ಸುಗ್ಗಿಯ ಕಾಲದಲ್ಲಿ ರೈತರಿಗೆ ಕೂಲಿಯಾಳು ಸಿಗಲಿ ಅಂತ ವರ್ಷಕ್ಕೆ 60 ದಿನದವರೆಗೆ ಕಾಮಗಾರಿ ನಿಲ್ಲಿಸಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಕೂಸಿನ ಮನೆಯ ಆಯಾಗೆ ಜಾಬ್ ಕಾರ್ಡಿನ ಮೇಲೆ ಕೂಲಿ ಕೊಡುವ ಪದ್ಧತಿಯೇ ಮುಂದುವರಿದರೆ ಆ 60 ದಿನ ಅವಳಿಗೆ ಯಾರು ಕೊಡುತ್ತಾರೆ? ಸಿರುಗುಪ್ಪದಲ್ಲಿ ಕೂಸುಗಳಿಗೆ ಮನೆ ಬೇಕಾಗುವುದು ಅದೇ 60 ದಿನಗಳಲ್ಲಿ! ಇದನ್ನು ಬೆಂಗಳೂರಲ್ಲಿ ಕೂತವರು ಯೋಚಿಸಿರಲಿಕ್ಕಿಲ್ಲ. ನಾಟಿ ನೋಡಿದವರು ನೀವು, ನೀವೇ ಕೇಳಬೇಕು.

ಇನ್ನು ಬಳ್ಳಾರಿ ನಗರದವರಿಗೆ. ಕೌಲ್ ಬಜಾರಿನ ಕಡೆ ಒಂದು ಮನೆಗೆ ಹೋಗಿದ್ದೆ, ಶಾಲೆ ಬಿಟ್ಟ ಹುಡುಗಿಯನ್ನು ಕೇಳಿಕೊಂಡು. ಒಂದೇ ಕೋಣೆ. ಮೂಲೆಯಲ್ಲಿ ಮೋಟರ್ ಹಾಕಿದ ಹೊಲಿಗೆ ಮಷೀನು, ಪಕ್ಕದಲ್ಲಿ ಆಳುದ್ದ ಜೀನ್ಸ್ ರಾಶಿ. ಮೇಲಿನ ಕೊಕ್ಕೆಗೆ ಹಳೇ ಸೀರೆಯ ಜೋಲಿ, ಅದರಲ್ಲಿ ಕೂಸು. ಜೋಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ತಾಯಿಯ ಎಡಗಾಲಿನ ಹೆಬ್ಬೆರಳಿಗೆ. ಬಲಗಾಲು ಪೆಡಲಿನ ಮೇಲೆ. ಕೂಸು ಕುಸುಗುಟ್ಟಿದಾಗ ಎಡಗಾಲು ಎಳೆಯುತ್ತದೆ, ಬಲಗಾಲು ನಿಲ್ಲುವುದಿಲ್ಲ, ಯಾಕೆಂದರೆ ಲೆಕ್ಕ ಪೀಸಿನ ಮೇಲೆ. ಮಗಳು ಬಾಗಿಲಲ್ಲಿ ಕೂತು ಹೊಲಿಗೆಯ ಉಳಿಕೆ ದಾರ ಕತ್ತರಿಸುತ್ತಿದ್ದಳು. ನೀಲಿ ಬಣ್ಣ ಬೆರಳಿಗೆ ಹತ್ತಿತ್ತು. ಯಾಕವ್ವ ಶಾಲೆಗೆ ಬರಲ್ಲ ಅಂದರೆ ಜೋಲಿ ಕಡೆ ಕೈ ತೋರಿಸಿದಳು. ಕೂಸು ಎದ್ದ ಮೇಲೆ ಅದು ಮಷೀನಿನ ಹತ್ತಿರ ಹೋಗದಂತೆ ಹಿಡಿದುಕೊಳ್ಳುವುದೇ ಅವಳ ಕೆಲಸ.

ಕಾಯ್ದೆ ಈ ಮನೆಗೆ ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ನೌಕರರ ಲೆಕ್ಕ ತಂದಿತು, 2025ರ ನವೆಂಬರಿನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ 50ನ್ನು ಹಿಡಿದಿದೆ. ಬಳ್ಳಾರಿಯ ಜೀನ್ಸ್ ದೇಶಕ್ಕೆಲ್ಲ ಹೋಗುತ್ತದೆ, ಆದರೆ ಅದು ತಯಾರಾಗುವುದು ಹೆಚ್ಚಾಗಿ ಸಣ್ಣ ಸಣ್ಣ ಶೆಡ್ಡುಗಳಲ್ಲಿ, ಇಂಥ ಮನೆಗಳಲ್ಲಿ. ಐವತ್ತರ ಗೆರೆ ಇಲ್ಲಿಗೆ ಮುಟ್ಟುವುದೇ ಇಲ್ಲ. 2016ರ ಬಾಲಕಾರ್ಮಿಕ ತಿದ್ದುಪಡಿ ಶಾಲೆ ಬಿಟ್ಟ ಮೇಲೆ ಮನೆತನದ ಕಸುಬಿನಲ್ಲಿ ಮಗು ಕೈಗೂಡಿಸಬಹುದು ಎಂದಿದೆ, ದಾರ ಕತ್ತರಿಸುವುದು ಆ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ಕೂಸು ನೋಡಿಕೊಳ್ಳುವುದಂತೂ ಯಾವ ಕಾಯ್ದೆಯ ಕಣ್ಣಿಗೂ ಕೆಲಸವೇ ಅಲ್ಲ. 2023ರ ಚುನಾವಣೆ ಹೊತ್ತಿಗೆ ರಾಹುಲ್ ಗಾಂಧಿ ಇದೇ ಊರಿನಲ್ಲಿ 5,000 ಕೋಟಿಯ ಜೀನ್ಸ್ ಪಾರ್ಕಿನ ಮಾತು ಕೊಟ್ಟು ಹೋಗಿದ್ದಾರೆ. ಆ ಪಾರ್ಕಿನ ನಕ್ಷೆಯಲ್ಲಿ ಕೂಸುಗಳಿಗೆ ಒಂದು ಕೋಣೆ ಇದೆಯೇ ಎಂದು ಕೌಲ್ ಬಜಾರ್, ಬ್ರೂಸ್‌ಪೇಟೆಯ ಶಾಲೆಗಳ ಸಮಿತಿಗಳೇ ಕೇಳಬೇಕು. ಪಾಲಿಕೆ ಸದಸ್ಯರು ಕೇಳುವುದಿಲ್ಲ.

ದುಡ್ಡು ಕೊಟ್ಟರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಸಿರುಗುಪ್ಪದ ಗಡಿ ಊರುಗಳಲ್ಲಿ ಈ ಮಾತು ಜೋರು, ಯಾಕೆಂದರೆ ಆದೋನಿ ಕಡೆಯ ಬೀಗರ ಮನೆಯಲ್ಲಿ ಶಾಲೆಗೆ ಹೋಗುವ ಪ್ರತಿ ಮಗುವಿಗೂ ತಾಯಿಯ ಖಾತೆಗೆ ಹಣ ಬಂದಿದೆ. ಆಂಧ್ರದಲ್ಲಿ 2025ರ ಜೂನ್‌ನಲ್ಲಿ ಶುರುವಾದ ‘ತಲ್ಲಿಕಿ ವಂದನಂ’ ಯೋಜನೆಯಲ್ಲಿ ಮಗುವಿಗೆ 15,000: ತಾಯಿಗೆ 13,000, ಶಾಲೆಯ ನಿರ್ವಹಣೆಗೆ 2,000. ನಮ್ಮಲ್ಲಿ ಗೃಹಲಕ್ಷ್ಮಿಯ 2,000 ಇದೆ. ಎರಡೂ ಬೇಕು, ತಾಯಿಯ ಕೈಯಲ್ಲಿ ದುಡ್ಡಿದ್ದರೆ ನೋಟ್‌ಬುಕ್ಕಿಗೆ ಗಂಡನ ಮುಂದೆ ಕೈಚಾಚಬೇಕಿಲ್ಲ. ಆದರೆ 13,000 ಕೊಟ್ಟರೂ ನಮ್ಮ ಊರಲ್ಲಿ ಕೂಸು ಬಿಡುವ ಜಾಗ ಕೊಳ್ಳಲು ಸಿಗುವುದಿಲ್ಲ, ಅಂಥ ಜಾಗವೇ ಇಲ್ಲವಲ್ಲ.

ಜಾಗ ಮಾಡಲು ಹಣ ಎಲ್ಲಿದೆ ಅನ್ನುತ್ತೀರಿ. ಬಳ್ಳಾರಿ ಜಿಲ್ಲೆಯವರು ಆ ಮಾತು ಆಡಬಾರದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು 98ನೇ ತಿದ್ದುಪಡಿಯಿಂದ. ಅದರಂತೆ ಆಗಲೇ ಹೇಳಿದ ಪ್ರದೇಶಾಭಿವೃದ್ಧಿ ಮಂಡಳಿ ಇದೆ, 2024-25ರ ಬಜೆಟ್ಟಿನಲ್ಲಿ ಅದಕ್ಕೆ 5,000 ಕೋಟಿ ಎಂದರು, ‘ಅಕ್ಷರ ಆವಿಷ್ಕಾರ’ ಅಂತ ಶಿಕ್ಷಣಕ್ಕೇ ಒಂದು ಪಾಲು ತೆಗೆದಿಟ್ಟಿದ್ದಾರೆ. ಆ ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕೆಂದು ಸಂವಿಧಾನವೇ ಹೇಳುತ್ತದೆ. ಇನ್ನೊಂದು, ಗಣಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು ಮಾಡಿದ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಡಿಎಂಎಫ್. ಹಳೇ ಗುತ್ತಿಗೆಯವರು ರಾಜಧನದ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಇದಕ್ಕೆ ಕಟ್ಟುತ್ತಾರೆ. ಆ ಹಣದ ದೊಡ್ಡ ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣದಂಥ ಆದ್ಯತೆಗಳಿಗೇ ಹೋಗಬೇಕು; 2015ರಲ್ಲಿ ಶೇ 60 ಎಂದಿದ್ದನ್ನು 2024ರಲ್ಲಿ ಶೇ 70 ಮಾಡಿದರು. ಗಣಿಯ ಧೂಳು ತಿಂದ ಊರಿಗೆ ಮೊದಲ ಪಾಲು, ಅದು ನ್ಯಾಯವೇ. ಸಿರುಗುಪ್ಪಕ್ಕೆ ಗಣಿ ದೂರ, ಅಲ್ಲಿಯವರು ಮಂಡಳಿಯ ಕಡೆ ನೋಡಬೇಕು. ಕುರುಗೋಡು, ಬಳ್ಳಾರಿಯವರು ಎರಡೂ ಕಡೆ. ಈ ಹಣದಲ್ಲಿ ಇಷ್ಟು ವರ್ಷ ಕಟ್ಟಡಗಳನ್ನು ಕಟ್ಟಿದ್ದೇವೆ, ಕಟ್ಟಡಕ್ಕೆ ಗುತ್ತಿಗೆದಾರ ಇರುತ್ತಾನೆ. ಆಯಾಳ ಕೂಲಿಗೆ ಗುತ್ತಿಗೆದಾರ ಇಲ್ಲ, ಅದಕ್ಕೇ ಅದನ್ನು ಕೇಳುವವರೂ ಇಲ್ಲ.

ಈಗ ನಿಮ್ಮ ಅಧಿಕಾರದ ಮಾತು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ, ಅರ್ಧದಷ್ಟು ಹೆಂಗಸರು ಇರಬೇಕು. ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲೇ, ಕಾಯ್ದೆಗಿಂತ ಮುಂಚೆ. 22ನೇ ಕಲಂ ಓದಿ: ಶಾಲಾ ಅಭಿವೃದ್ಧಿ ಯೋಜನೆಯನ್ನು ಸಮಿತಿ ತಯಾರಿಸಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಅದೇ ಆಧಾರ. ಬೇಡಿಕೆ ಪಟ್ಟಿ ಅಲ್ಲ, ಮನವಿ ಪತ್ರ ಅಲ್ಲ, ಆಧಾರ. ಕೇಂದ್ರದ ನಿಯಮದ ಪ್ರಕಾರ ಅದು ಮೂರು ವರ್ಷದ ಯೋಜನೆ, ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮುಂಚೆ, ಅಂದರೆ ಡಿಸೆಂಬರ್ ಒಳಗೆ ತಯಾರಾಗಬೇಕು. ನಮ್ಮಲ್ಲಿ ಆಗುವುದೇನು? ಮುಖ್ಯಗುರುಗಳು ಹೋದ ವರ್ಷದ ಕಾಗದ ನಕಲು ಮಾಡುತ್ತಾರೆ, ನೀವು ಸಹಿ ಹಾಕುತ್ತೀರಿ. ಕೆಲವು ಕಡೆ ಸದಸ್ಯೆಯ ಸಹಿ ಅವಳ ಗಂಡನೇ ಹಾಕಿದ್ದನ್ನೂ ಕಂಡಿದ್ದೇನೆ. ಮಾಸ್ತರರನ್ನು ಬೈಯಬೇಡಿ, ಅವರಿಗೆ ಆ್ಯಪು, ಮೊಟ್ಟೆ ಲೆಕ್ಕ, ಸಮೀಕ್ಷೆಗಳಲ್ಲೇ ಹೊತ್ತು ಮುಳುಗುತ್ತದೆ. ಹುದ್ದೆ ಖಾಲಿ ಇದ್ದರೆ ಅದನ್ನೂ ಯೋಜನೆಯಲ್ಲಿ ಬರೆಯಿರಿ: ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂದು 26ನೇ ಕಲಮಿದೆ.

ಅದೇ ಕಾಯ್ದೆಯ 9ನೇ ಕಲಂ ಗ್ರಾಮ ಪಂಚಾಯಿತಿಗೆ, ನಗರದಲ್ಲಿ ಪಾಲಿಕೆಗೆ ಸಂಬಂಧಿಸಿದ್ದು. ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಅದು ಇಡಬೇಕು. ಹುಟ್ಟಿದ ಕೂಸೂ ಅದರಲ್ಲಿ ಬರುತ್ತದೆ. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವುದೂ ಅದರದೇ ಹೊಣೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕಿತ್ತು ಹೋದದ್ದು ನೆನಪಿದೆಯಲ್ಲ? ಗೇಟು ಬದಲಿಸಲೆಂದು ಎರಡನೇ ಬೆಳೆಗೆ ನೀರು ಬಿಡದ ವರ್ಷ ನಮ್ಮ ಕಡೆಯವರು ಗಂಟುಮೂಟೆ ಕಟ್ಟುತ್ತಾರೆ. ಹೋದ ಊರಲ್ಲಿ ಯಾವ ಶಾಲೆ ಅಂತ ಬರೆದುಕೊಟ್ಟು ಕಳಿಸುವ ಸಮಿತಿ ಒಂದಾದರೂ ಇದ್ದರೆ ನನಗೆ ತಿಳಿಸಿ, ನಾನೇ ಬಂದು ನೋಡುತ್ತೇನೆ.

ಇನ್ನೆರಡು ಮಾತು, ಚಿಕ್ಕವು. ಗಂಡ ತೀರಿದ, ಬಿಟ್ಟುಹೋದ ತಾಯಂದಿರ ಮಕ್ಕಳಿಗೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮ ಶಾಲೆಯಲ್ಲಿ ಅಂಥವರು ಯಾರೆಂದು ಸರ್ಕಾರಕ್ಕಿಂತ ನಿಮಗೆ ಚೆನ್ನಾಗಿ ಗೊತ್ತು. ಇನ್ನೊಂದು, 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆ ಒಪ್ಪಿತು. ಅದರಂತೆ ದೇವದಾಸಿ ತಾಯಂದಿರ ಮಕ್ಕಳು ತಂದೆಯ ಹೆಸರು ಹೇಳಲೇಬೇಕೆಂದಿಲ್ಲ. ದಾಖಲಾತಿ ದಿನ ಆಫೀಸ್ ರೂಮಿನಲ್ಲಿ ಎಲ್ಲರ ಮುಂದೆ “ಅಪ್ಪನ ಹೆಸರೇನು?” ಎಂದು ಕೇಳಿ ಹುಡುಗನನ್ನು ನಿಲ್ಲಿಸುವುದು ಬಿಡಿಸಬೇಕಾದವರು ನೀವೇ.

ಕಾಯ್ದೆ ಬದಲಾಗಬೇಕಾದದ್ದು ನಿಜ. ಶಿಕ್ಷಣ 1976ರಿಂದ ಸಮವರ್ತಿ ಪಟ್ಟಿಯಲ್ಲಿದೆ, ಆರರ ಕೆಳಗಿನ ಮಗುವಿನ ಆರೈಕೆಯನ್ನು ಹಕ್ಕು ಮಾಡುವ ಕಾನೂನು ತರಲು ನಮ್ಮ ವಿಧಾನಸಭೆಗೆ ಅಡ್ಡಿ ಇಲ್ಲ. ಆದರೆ ಊರೂರಿನ ಯೋಜನೆಯಲ್ಲಿ ಈ ವಿಷಯ ಬರೆದು ಬಂದ ಮೇಲೆಯೇ ಶಾಸಕರಿಗೆ ಅದು ಕಾಣುವುದು. 2002ರಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಮೊದಲು ಕೊಟ್ಟದ್ದೂ ನಮ್ಮ ಕಡೆಯೇ. ಮಠದವರು ಬೇಡವೆಂದರು, ಮಕ್ಕಳು ಬೇಕೆಂದರು, ಆಮೇಲೆ ರಾಜ್ಯಕ್ಕೆಲ್ಲ ಹೋಯಿತು. ಹಾಗಾಗಿ ನಮ್ಮಿಂದ ಶುರುವಾಗುವುದಿಲ್ಲ ಎನ್ನಬೇಡಿ.

ಮುಂದಿನ ಸಭೆಗೆ ಅಂಗನವಾಡಿ ಕಾರ್ಯಕರ್ತೆಯನ್ನೂ ಕರೆದು ಕೂಡಿಸಿ, ಎಲ್‌ಕೆಜಿ ಜಗಳ ಆಚೆಗಿಡಿ. ಠರಾವು ಬರೆಯಲು ಬರುವುದಿಲ್ಲ ಎನ್ನುವವರಿಗೆ ಕೆಳಗೆ ಬರೆದುಕೊಟ್ಟಿದ್ದೇನೆ, ಊರಿನ ಹೆಸರು ತುಂಬಿಕೊಳ್ಳಿ:

“ನಮ್ಮ ಶಾಲೆಯ 5ರಿಂದ 7ನೇ ತರಗತಿಯ ಇಷ್ಟು ಹೆಣ್ಣುಮಕ್ಕಳು ಇಂಥ ಇಂಥ ತಿಂಗಳು ಕೂಸು ನೋಡಿಕೊಳ್ಳುವ ಕಾರಣದಿಂದ ಗೈರಾಗಿರುವುದು ಹಾಜರಿ ಪುಸ್ತಕದಿಂದ ಕಂಡುಬಂದಿದೆ. ಶಾಲೆಯ ಅಥವಾ ಅಂಗನವಾಡಿಯ ಒಂದು ಕೋಣೆಯಲ್ಲಿ ನಾಟಿ, ಕಳೆ ಮತ್ತು ಸುಗ್ಗಿಯ ತಿಂಗಳುಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಸಂಜೆ ಆರರ ತನಕ, ಮೂರು ವರ್ಷದ ಒಳಗಿನ ಮಕ್ಕಳನ್ನೂ ಸೇರಿಸಿ, ಕೂಸಿನ ಮನೆ ನಡೆಸಬೇಕು. ಇಬ್ಬರು ಆಯಾಗಳ ಕೂಲಿಯನ್ನು ಉದ್ಯೋಗ ಖಾತರಿಯ ಕೆಲಸ ನಿಂತ ದಿನಗಳಲ್ಲೂ ತಪ್ಪದಂತೆ ಮಂಡಳಿಯ ಇಲ್ಲವೇ ಡಿಎಂಎಫ್ ನಿಧಿಯಿಂದ ಭರಿಸಬೇಕು. ಇದನ್ನು 22ನೇ ಕಲಮಿನ ಶಾಲಾ ಅಭಿವೃದ್ಧಿ ಯೋಜನೆಯ ಭಾಗವಾಗಿ ಸಮಿತಿ ಒಪ್ಪಿದೆ.”

ಬಳ್ಳಾರಿಯ ಜೀನ್ಸ್ ಕೇರಿಯವರು ನಾಟಿ ಎಂಬಲ್ಲಿ ವರ್ಷಪೂರ್ತಿ ಎಂದು ಬರೆದುಕೊಳ್ಳಿ. ಒಂದು ಪ್ರತಿ ಬಿಇಒಗೆ, ಒಂದು ಸಿಡಿಪಿಒಗೆ, ಒಂದು ಪಿಡಿಒ ಅಥವಾ ಪಾಲಿಕೆ ಆಯುಕ್ತರಿಗೆ, ಒಂದು ಜಿಲ್ಲಾಧಿಕಾರಿ ಕಚೇರಿಗೆ. ಶಾಸಕರಿಗೆ ಕೊಡುವುದಾದರೆ ಐವರಾದರೂ ತಾಯಂದಿರು ಹೋಗಿ ಕೊಡಿ, ಗಂಡಸರನ್ನು ಹೊರಗೆ ನಿಲ್ಲಿಸಿ. ಕೊಟ್ಟ ಕಡೆಯೆಲ್ಲ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಸೀಲು ಮಾಡುವ ಗುಮಾಸ್ತ ಊಟಕ್ಕೆ ಹೋಗಿದ್ದಾನೆ ಎಂದರೆ ಕಾಯಿರಿ, ಬರುತ್ತಾನೆ.

ಇಂತಿ,
ನಿಮ್ಮ ಕಡೆಯ ಒಬ್ಬ ನಿವೃತ್ತ ಟೀಚರು
ಬಳ್ಳಾರಿ